ಕೊಂಡ ಜನ, ಕೂಡಿದ ಜನ

ಜನ ಕೂಡಿ ಮಾತನಾಡುವ ಕಟ್ಟೆಗಳು ಇಂದು ಮೊಬೈಲಿನೊಳಗೆ ಸೇರಿಕೊಂಡಿವೆ. ಊರಿನ ಅರಳಿಕಟ್ಟೆಗೆ ಒಡೆಯನಿರಲಿಲ್ಲ. ಈ ಹೊಸ ಕಟ್ಟೆಗಳಿಗೆ ಒಡೆಯರಿದ್ದಾರೆ. ಯಾರ ಮಾತು ಮೇಲೆ ಬರಬೇಕು, ಯಾರದು ಅಡಿಗೆ ಬೀಳಬೇಕು, ಯಾರನ್ನು ಕಟ್ಟೆಯಿಂದಲೇ ಇಳಿಸಬೇಕು ಎಂಬುದನ್ನು ದೂರದೇಶದ ಬೆರಳೆಣಿಕೆಯ ಕಂಪನಿಗಳು ನಿರ್ಧರಿಸುತ್ತವೆ. ಇದರಿಂದ ಬೇಸತ್ತ ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿಗಳ ತರುಣ ವಾಚಕರು ಕೆಲವರು ನಮ್ಮನ್ನು ಕೇಳಿದ್ದಾರೆ: ಬ್ಲಾಕ್‌ಚೈನ್ ಎಂಬ ಲೆಕ್ಕದ ಮೇಲೆ ನಿಂತ, ಒಡೆಯನಿಲ್ಲದ ಸಾಮಾಜಿಕ ಜಾಲಗಳಿವೆಯಂತೆ, ದುಡಿಯುವವರೂ ಸಣ್ಣ ವರ್ತಕರೂ ಅಲ್ಲಿ ಏಕೆ ಸೇರಬಾರದು? ಸೇರಿದರೆ ಅಲ್ಲಿ ನಮ್ಮ ಬಳಗವನ್ನು ಬೆಳೆಸುವ ಬಗೆ ಯಾವುದು?

ಪ್ರಶ್ನೆ ನ್ಯಾಯವಾದದ್ದು. ಯಂತ್ರದ ಹೆಸರು ಹೊಸದೆಂದು ಹೆದರುವುದಾಗಲಿ, ಹೊಸದೆಂಬ ಒಂದೇ ಕಾರಣಕ್ಕೆ ಹಿಗ್ಗುವುದಾಗಲಿ ದುಡಿಯುವ ವರ್ಗಕ್ಕೆ ಹೇಳಿದ್ದಲ್ಲ. ಅದು ಹೇಗೆ ನಡೆಯುತ್ತದೆ, ಯಾರ ಕೈಯಲ್ಲಿ ನಡೆಯುತ್ತದೆ ಎಂಬುದನ್ನು ಮೊದಲು ವಿಚಾರಿಸೋಣ.

ಬ್ಲಾಕ್‌ಚೈನ್ ಎಂದರೆ ಒಂದು ಕಿರ್ದಿ ಪುಸ್ತಕ. ಚಿಂತಾಮಣಿಯ ಮಂಡಿಯಲ್ಲಿ ಕಿರ್ದಿ ಸಾಹುಕಾರನ ಗಲ್ಲಾಪೆಟ್ಟಿಗೆಯ ಬಳಿ ಇರುತ್ತದೆ. ಅವನು ಬರೆದದ್ದೇ ಲೆಕ್ಕ. ಈ ಹೊಸ ಕಿರ್ದಿಯ ನಕಲು ಒಬ್ಬನ ಬಳಿಯಲ್ಲಿರದೆ ನೂರಾರು ಕಡೆ, ನೂರಾರು ಗಣಕಯಂತ್ರಗಳಲ್ಲಿ ಇರುತ್ತದೆ. ಪ್ರತಿಯೊಂದು ಹೊಸ ಪುಟದಲ್ಲಿಯೂ ಹಿಂದಿನ ಪುಟದ ಮೊಹರಿನಂಥ ಗುರುತೊಂದು ಸೇರಿರುತ್ತದೆ. ಒಬ್ಬನು ಹಳೆಯ ಪುಟದಲ್ಲಿ ಒಂದಂಕಿ ತಿದ್ದಿದರೆ ಮುಂದಿನ ಎಲ್ಲ ಮೊಹರುಗಳೂ ತಾಳೆ ತಪ್ಪುತ್ತವೆ. ಉಳಿದವರು ಒಡನೆ ಹಿಡಿಯುತ್ತಾರೆ. ಇಷ್ಟೇ ಅದರ ಮರ್ಮ. ಇಂಥ ಕಿರ್ದಿಯಲ್ಲಿ ಹಣದ ಲೆಕ್ಕವನ್ನು ಮಾತ್ರವೇ ಬರೆಯಬೇಕೆಂದೇನೂ ಇಲ್ಲ. ಯಾರು ಸದಸ್ಯರು, ಯಾರು ಏನು ಬರೆದರು, ಯಾರು ಯಾರಿಗೆ ಮತ ಕೊಟ್ಟರು ಎಂಬುದನ್ನೂ ಬರೆದರೆ ಅದು ಸಾಮಾಜಿಕ ಜಾಲವಾಗುತ್ತದೆ.

ಲೆಕ್ಕ ಬಯಲಿನಲ್ಲಿರುವುದು ಒಳ್ಳೆಯದೇ. ಆದರೆ ಲೆಕ್ಕ ಸರಿಯಾಗಿದ್ದ ಮಾತ್ರಕ್ಕೆ ಅಳತೆ ಸರಿಯಾಗಿರಬೇಕೆಂದಿಲ್ಲ. ಈ ಮಾತನ್ನು ಸಮಾಜವಾದಿಗಳಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನ ಗೇಣಿದಾರರು ಎದ್ದು ನಿಂತದ್ದು ಕೊಳಗದ ಪ್ರಶ್ನೆಯಿಂದ. ಎಷ್ಟು ಕೊಳಗ ಗೇಣಿ ಎಂಬ ಲೆಕ್ಕದಲ್ಲಿ ಮುಚ್ಚುಮರೆಯಿರಲಿಲ್ಲ; ಅಳೆಯುವ ಕೊಳಗ ಮಾತ್ರ ಧಣಿಯದು, ಅದರ ಗಾತ್ರವೂ ಧಣಿ ಹೇಳಿದ್ದು. ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಕೂಡಿಸಿದರು, ಸಮಾಜವಾದಿ ಪಕ್ಷ ಬೆನ್ನಿಗೆ ನಿಂತಿತು, ಡಾ. ಲೋಹಿಯಾರವರು ಬಂದು ಬಂಧನಕ್ಕೊಳಗಾದರು. ಹೊಸ ಜಾಲದ ಬಾಗಿಲಲ್ಲಿ ನಿಂತು ನಾವು ಕೇಳಬೇಕಾದ ಮೊದಲ ಪ್ರಶ್ನೆಯೂ ಅದೇ: ಕೊಳಗ ಯಾರ ಕೈಯಲ್ಲಿದೆ?

ಇದಕ್ಕೆ ಉತ್ತರವಾಗಿ ಒಂದು ನಿಜವಾದ ಕಥೆಯಿದೆ. ನಮ್ಮ ವಾಚಕರು ತಿಳಿದಿರತಕ್ಕದ್ದು.

ಅಮೆರಿಕದಲ್ಲಿ 2016ರಲ್ಲಿ ಸ್ಟೀಮ್ ಎಂಬ ಬ್ಲಾಕ್‌ಚೈನ್ ಹುಟ್ಟಿತು. ಅದರ ಮೇಲೆ ಸ್ಟೀಮಿಟ್ ಎಂಬ ಸಾಮಾಜಿಕ ಜಾಲ. ಅಲ್ಲಿ ಬರೆದವನಿಗೆ, ಓದಿ ಮತ ಕೊಟ್ಟವನಿಗೆ, ಇಬ್ಬರಿಗೂ ಜಾಲದ ಸ್ವಂತ ನಾಣ್ಯ ಸಿಗುತ್ತಿತ್ತು. ಬರಹಗಾರನ ದುಡಿಮೆಯ ಫಲ ಕಂಪನಿಗೆ ಹೋಗದೆ ಬರಹಗಾರನಿಗೇ ಬರಲಿ ಎಂಬುದು ಘೋಷಣೆ. ಕೇಳುವುದಕ್ಕೆ ಸಮಾಜವಾದವೇ! ಆದರೆ ಅಲ್ಲಿನ ಮತ ತಲೆಗೊಂದಲ್ಲ. ಹೆಚ್ಚು ನಾಣ್ಯ ಕೂಡಿಟ್ಟವನ ಮತಕ್ಕೆ ಹೆಚ್ಚು ತೂಕ. ಜಾಲವನ್ನು ನಡೆಸುವ ಮೇಲಿನ 20 ಮಂದಿ ಲೆಕ್ಕಿಗರ ಆಯ್ಕೆಯೂ ಇದೇ ತೂಕದಿಂದ. ಕೆಲಕಾಲದಲ್ಲೇ ಮತಗಳನ್ನು ಬಾಡಿಗೆಗೆ ಕೊಡುವ ವ್ಯಾಪಾರ ಬೆಳೆಯಿತು. ಹಣ ಕೊಟ್ಟರೆ ಯಂತ್ರ ಬಂದು ನಿಮ್ಮ ಬರಹಕ್ಕೆ ಮತ ಹಾಕಿ ಹೋಗುತ್ತಿತ್ತು. ಓದುವ ಮನುಷ್ಯ ಬೇಕಾಗಿರಲಿಲ್ಲ.

2018ರ ಜನವರಿಯಲ್ಲಿ ಸ್ಟೀಮ್ ನಾಣ್ಯದ ಬೆಲೆ 7 ಡಾಲರ್ ದಾಟಿತ್ತು. ಜನ ನೂಕುನುಗ್ಗಲಾಗಿ ಸೇರಿದರು. ಅದೇ ವರ್ಷದ ಕೊನೆಗೆ ಬೆಲೆ ಅರ್ಧ ಡಾಲರಿಗಿಂತ ಕೆಳಗಿಳಿಯಿತು. ಕಂಪನಿ ತನ್ನ ನೌಕರರಲ್ಲಿ ನೂರಕ್ಕೆ 70 ಮಂದಿಯನ್ನು ಮನೆಗೆ ಕಳುಹಿಸಿತು. ನಾಣ್ಯಕ್ಕಾಗಿ ಬಂದವರು ನಾಣ್ಯದ ಜೊತೆಗೇ ಇಳಿದುಹೋದರು.

ಮುಂದಿನದು ಇನ್ನೂ ವಿಚಾರಾರ್ಹ. ಜಾಲ ಹುಟ್ಟಿದಾಗಲೇ ಕಂಪನಿ ನಾಣ್ಯದ ದೊಡ್ಡ ಪಾಲೊಂದನ್ನು ತನಗೆ ತೆಗೆದಿಟ್ಟುಕೊಂಡಿತ್ತು. ಜಾಲದ ಬೆಳವಣಿಗೆಗೆ ಅದನ್ನು ಬಳಸುವುದಾಗಿಯೂ ಅದರಿಂದ ಮತ ಹಾಕುವುದಿಲ್ಲವೆಂದೂ ಮಾತು ಕೊಟ್ಟಿತ್ತು. 2020ರ ಫೆಬ್ರವರಿಯಲ್ಲಿ ಜಸ್ಟಿನ್ ಸನ್ ಎಂಬ ನಾಣ್ಯೋದ್ಯಮಿ ಕಂಪನಿಯನ್ನೇ ಕೊಂಡುಕೊಂಡನು. ಆ ಪಾಲೂ ಅವನ ಕೈಸೇರಿತು. ಸದಸ್ಯರು ಆರಿಸಿದ್ದ ಲೆಕ್ಕಿಗರು ಎಚ್ಚೆತ್ತು ಆ ಪಾಲನ್ನು ತಡೆಹಿಡಿದರು. ಮಾರ್ಚ್ 2ರಂದು, ಮೂರು ದೊಡ್ಡ ನಾಣ್ಯ ವಿನಿಮಯ ಕಂಪನಿಗಳಲ್ಲಿ ಗಿರಾಕಿಗಳು ಠೇವಣಿಯಿಟ್ಟಿದ್ದ ನಾಣ್ಯಗಳ ತೂಕವನ್ನೂ ಸೇರಿಸಿ ಮತ ಹಾಕಿ, ಮೇಲಿನ 20 ಸ್ಥಾನಗಳನ್ನೂ ಒಂದೇ ದಿನದಲ್ಲಿ ಕಿತ್ತುಕೊಳ್ಳಲಾಯಿತು. ಠೇವಣಿದಾರನ ಹಣದಿಂದಲೇ ಠೇವಣಿದಾರನ ವಿರುದ್ಧ ಮತ! ಬ್ಯಾಂಕಿನಲ್ಲಿ ನೀವಿಟ್ಟ ಹಣದ ಬಲದ ಮೇಲೆ ಬ್ಯಾಂಕೇ ನಿಮ್ಮ ಪುರಸಭೆಯ ಚುನಾವಣೆಯಲ್ಲಿ ಮತ ಚಲಾಯಿಸಿದರೆ ಹೇಗಿರುತ್ತದೆ, ಹಾಗೆ.

ಒಡೆಯನಿಲ್ಲದ ಜಾಲ ಕೊನೆಗೆ ಸಂತೆಯಲ್ಲಿ ಮಾರಾಟವಾದಂತಾಯಿತು. ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ನಾಲ್ಕು ವರ್ಷ ಒಬ್ಬರನ್ನೊಬ್ಬರು ಓದಿಕೊಂಡು, ಜಗಳವಾಡಿಕೊಂಡು, ಪರಸ್ಪರ ಪರಿಚಯವಾಗಿದ್ದ ಸದಸ್ಯರ ಗುಂಪೊಂದು ಅಲ್ಲಿತ್ತು. ಅವರು ಕಿರ್ದಿಯ ನಕಲನ್ನು ತೆಗೆದುಕೊಂಡು, ಕಂಪನಿಯ ಪಾಲನ್ನು ಹೊರಗಿಟ್ಟು, 2020ರ ಮಾರ್ಚ್ 20ರಂದು ಹೈವ್ ಎಂಬ ಬೇರೆ ಜಾಲವನ್ನು ಹೂಡಿದರು. ಬಹುಪಾಲು ಸದಸ್ಯರ ಹೆಸರು, ಬರಹ, ಲೆಕ್ಕ ಎಲ್ಲವೂ ಅವರೊಡನೆ ಬಂದವು. ಕೊಂಡವನಿಗೆ ಕಟ್ಟಡ ಉಳಿಯಿತು. ಅಲ್ಲಿ ಬಾಳುತ್ತಿದ್ದವರಲ್ಲಿ ಅನೇಕರು ಹೊರಟುಹೋದರು.

ಇದರಲ್ಲಿ ಎರಡು ಪಾಠಗಳಿವೆ. ಬಯಲಿನಲ್ಲಿರುವ ಕಿರ್ದಿ ಸದಸ್ಯನಿಗೆ ಕೊಡುವ ದೊಡ್ಡ ಹಕ್ಕೆಂದರೆ ತನ್ನದೆಲ್ಲವನ್ನೂ ಎತ್ತಿಕೊಂಡು ಹೊರನಡೆಯುವ ಹಕ್ಕು. ಆ ಹಕ್ಕನ್ನು ಚಲಾಯಿಸುವುದಕ್ಕೆ ಮಾತ್ರ ಪರಸ್ಪರ ನಂಬಿಕೆಯಿಂದ ಕೂಡಿದ ಜನ ಬೇಕು. ಯಂತ್ರ ಅದನ್ನು ಕೊಡಲಾರದು. ಹಾಗೆಂದು ಹೈವನ್ನು ನಾವು ಆದರ್ಶವೆಂದು ಹೊಗಳುತ್ತಿಲ್ಲ. ಅಲ್ಲಿಯೂ ಮತದ ತೂಕ ನಾಣ್ಯದ ಮೇಲೆಯೇ ನಿಂತಿದೆ. ಕೊಳಗ ಬದಲಾಗಲಿಲ್ಲ, ಕೊಳಗ ಹಿಡಿದವರು ಬದಲಾದರು.

ಇನ್ನು ನಮ್ಮ ನಾಡಿನ ಉದಾಹರಣೆಗೆ ಬರೋಣ. ಬೆಂಗಳೂರಿನಲ್ಲಿ 2020ರಲ್ಲಿ ಕೂ ಎಂಬ ಜಾಲ ಹುಟ್ಟಿತು. ಅದು ಬ್ಲಾಕ್‌ಚೈನಿನ ಮೇಲೆ ನಿಂತದ್ದಲ್ಲ, ಸಾಮಾನ್ಯ ಕಂಪನಿ. ಆದರೆ ಅದು ಮೊದಲು ಮಾತನಾಡಿದ್ದು ಕನ್ನಡದಲ್ಲಿ ಎಂಬುದು ನಮಗೆ ಅಭಿಮಾನದ ವಿಷಯ. ಕೇಂದ್ರ ಸರ್ಕಾರದ ಆತ್ಮನಿರ್ಭರ ಸ್ಪರ್ಧೆಯಲ್ಲಿ ಅದಕ್ಕೆ ಬಹುಮಾನ ಬಂತು. 2021ರಲ್ಲಿ ಟ್ವಿಟರಿಗೂ ಸರ್ಕಾರಕ್ಕೂ ಜಗಳ ಹತ್ತಿದಾಗ ಮಂತ್ರಿಗಳೂ ಇಲಾಖೆಗಳೂ ಅಲ್ಲಿಗೆ ಬಂದವು. 2022ರಲ್ಲಿ ಬ್ರೆಜಿಲಿನ ಜನ ಕೂಡ ನುಗ್ಗಿದರು. 6 ಕೋಟಿ ಡಾಲರಿಗೂ ಮೇಲ್ಪಟ್ಟ ಬಂಡವಾಳ ಹೂಡಲ್ಪಟ್ಟಿತು. ಉತ್ತುಂಗದಲ್ಲಿ ದಿನಕ್ಕೆ 21 ಲಕ್ಷ, ತಿಂಗಳಿಗೆ ಸುಮಾರು 1 ಕೋಟಿ ಬಳಕೆದಾರರಿದ್ದರೆಂದು ಸ್ಥಾಪಕರೇ ಹೇಳಿದರು. ಆ ಮಾತನ್ನು ಹೇಳಿದ್ದು 2024ರ ಜುಲೈ 3ರಂದು, ಜಾಲವನ್ನು ಮುಚ್ಚುತ್ತೇವೆಂದು ತಿಳಿಸಿದ ಪತ್ರದಲ್ಲಿ!

ಸ್ಥಾಪಕರ ಉದ್ದೇಶವನ್ನು ನಾವು ಶಂಕಿಸುವುದಿಲ್ಲ. ಕನ್ನಡದ ಕೀಲಿಮಣೆ ಒತ್ತಲು ಅಂಜುತ್ತಿದ್ದ ಎಷ್ಟೋ ಮಂದಿಗೆ ಅವರು ಧೈರ್ಯ ಕೊಟ್ಟರು. ಆದರೆ ಹೊರಗಿನ ಬಂಡವಾಳದ ನೀರೆರೆದು ಬೆಳೆಸಿದ ಗಿಡ ನೀರು ನಿಂತ ದಿನ ಬಾಡಿತು. ಬೇರೆ ಕಂಪನಿಗಳೊಡನೆ ನಡೆದ ಮಾತುಕತೆಗಳು ಫಲಿಸಲಿಲ್ಲ. 1 ಕೋಟಿ ಬಳಕೆದಾರರಿದ್ದ ಜಾಲದಲ್ಲಿ "ಇದು ನಮ್ಮದು, ನಾವೇ ನಡೆಸುತ್ತೇವೆ" ಎನ್ನುವ ಅಧಿಕಾರವುಳ್ಳ ಒಬ್ಬ ಸದಸ್ಯನೂ ಇರಲಿಲ್ಲ. ಏಕೆಂದರೆ ಅವರೆಲ್ಲ ಬಳಕೆದಾರರು, ಸದಸ್ಯರಲ್ಲ. ಸ್ಟೀಮಿನವರು ಕಿರ್ದಿ ಹೊತ್ತುಕೊಂಡು ಹೊರನಡೆದರು. ಕೂವಿನಲ್ಲಿ ಬರೆದವರಿಗೆ ಹೊರುವುದಕ್ಕೆ ಕಿರ್ದಿಯೇ ಇರಲಿಲ್ಲ.

ಹಾಗಾದರೆ ಜನ ನಿಜವಾಗಿ ಕೂಡುವುದು ಹೇಗೆ? ಗೌರಿಬಿದನೂರಿನ ಗಾರ್ಮೆಂಟ್ಸ್ ಅಕ್ಕತಂಗಿಯರನ್ನು ಕೇಳಿದರೆ 2016ರ ಏಪ್ರಿಲ್ ತಿಂಗಳನ್ನು ನೆನಪಿಸುತ್ತಾರೆ. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲವೆಂದು ಕೇಂದ್ರ ಸರ್ಕಾರ ನಿಯಮ ಮಾಡಿತ್ತು. ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಸಿದ್ಧಉಡುಪು ಕಾರ್ಖಾನೆಗಳ ಹೆಣ್ಣುಮಕ್ಕಳು ಸಾವಿರಾರು ಸಂಖ್ಯೆಯಲ್ಲಿ ಹೆದ್ದಾರಿಗಿಳಿದರು. ಯಾವ ದೊಡ್ಡ ಸಂಘವೂ ಕರೆ ಕೊಟ್ಟಿರಲಿಲ್ಲ. ಯಾರೂ ಅವರಿಗೆ ನಾಣ್ಯ ಹಂಚಿರಲಿಲ್ಲ. ಹೊಲಿಗೆಯ ಸಾಲಿನಿಂದ ಸಾಲಿಗೆ, ಒಂದು ಗೇಟಿನಿಂದ ಇನ್ನೊಂದು ಗೇಟಿಗೆ ಸುದ್ದಿ ಹರಡಿತು. 19ರಂದೇ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ತಮ್ಮೆಲ್ಲರಿಗೂ ಸಮಾನವಾದ ಒಂದು ಸಂಗತಿ, ಪಕ್ಕದಲ್ಲಿ ಕುಳಿತವಳ ಮೇಲಿನ ನಂಬಿಕೆ, ಇವೆರಡಿದ್ದರೆ ಜನ ಬೆಳೆಯುತ್ತಾರೆ. ಆದರೆ ಎರಡು ದಿನದ ಆ ಮಹಾಶಕ್ತಿಯನ್ನು ಹಿಡಿದಿಡುವ ಸದಸ್ಯತ್ವದ ಪುಸ್ತಕವಿರಲಿಲ್ಲವೆಂಬುದೂ ಅಷ್ಟೇ ನಿಜ. ಸೇರುವುದಕ್ಕೆ ನಂಬಿಕೆ ಬೇಕು. ಸೇರಿದ್ದು ಉಳಿಯುವುದಕ್ಕೆ ಲೆಕ್ಕ ಬೇಕು.

ಕೂಡಿಸುವವರು ಜನ ಈಗಾಗಲೇ ಸೇರುವ ಜಾಗಕ್ಕೆ ಹೋಗಬೇಕೆಂಬುದನ್ನು ನಮ್ಮ ಜಿಲ್ಲೆಯ ನೆಲವೇ ಕಲಿಸಿದೆ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಿಗಳು ಜಾತ್ರೆಗೆ ಬಂದಿದ್ದ ಸಾವಿರಾರು ಜನರ ನಡುವೆ ನಿಂತರು; ಗುಂಡೇಟಿಗೆ ಎದೆಯೊಡ್ಡಿದವರಲ್ಲಿ ಹಳ್ಳಿಯ ಸಾಮಾನ್ಯರಿದ್ದರು. ಜಾತ್ರೆಯನ್ನು ಬಿಟ್ಟು ಹೊಸ ಮೈದಾನ ಹುಡುಕಿದ್ದರೆ ಆ ಜನ ಸಿಗುತ್ತಿದ್ದರೇ?

ಇಂದಿನ ನಮ್ಮ ಜಾತ್ರೆಗಳು ಯಾವುವು? ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆ, ಚಿಂತಾಮಣಿಯ ಟೊಮೆಟೊ ಮಂಡಿ, ಚಿಕ್ಕಬಳ್ಳಾಪುರದ ಹೂವಿನ ಸಂತೆ, ಗೌರಿಬಿದನೂರಿನ ಕಾರ್ಖಾನೆಗಳ ಪಾಳಿ ಬದಲಾಗುವ ಹೊತ್ತು. ಗೂಡಿನ ಹರಾಜು ಮೊಬೈಲಿನ ಮೂಲಕ ನಡೆಯುವುದನ್ನು ಶಿಡ್ಲಘಟ್ಟದ ರೀಲರು ಕಂಡಿದ್ದಾನೆ. ಅವನಿಗೆ ಯಂತ್ರದ ಭಯವಿಲ್ಲ. ಅವನಿಗೆ ಬೇಕಾದದ್ದು ಇಂದಿನ ಧಾರಣೆ, ನಾಳೆ ಬರುವ ಲಾಟುಗಳ ಸುಳಿವು, ನೂಲು ಕೊಂಡು ದುಡ್ಡು ನಿಲ್ಲಿಸಿದ ವ್ಯಾಪಾರಿಯ ಬಗ್ಗೆ ಎಚ್ಚರಿಕೆಯ ಮಾತು. ಕಾರ್ಮಿಕಳಿಗೆ ಬೇಕಾದದ್ದು ಓವರ್‌ಟೈಮಿನ ಲೆಕ್ಕ, ಭವಿಷ್ಯನಿಧಿಯ ಅರ್ಜಿ ತುಂಬುವ ಬಗೆ. ಇಂಥ ಒಂದೇ ಒಂದು ಉಪಯೋಗವನ್ನು ಹಿಡಿದು, ಹತ್ತು ಮಂದಿಯಿಂದ ಆರಂಭಿಸಬೇಕು. ಹತ್ತು ಮಂದಿಯೂ ಪ್ರತಿದಿನ ಬರುವಂತಾದ ಮೇಲೆ ಹನ್ನೊಂದನೆಯವನನ್ನು ಕರೆಯಬೇಕು. ಹೊಸಬನನ್ನು ಕರೆತಂದವನೇ ಪಕ್ಕದಲ್ಲಿ ಕುಳಿತು, ಕನ್ನಡದಲ್ಲಿಯೋ ತೆಲುಗಿನಲ್ಲಿಯೋ ಉರ್ದುವಿನಲ್ಲಿಯೋ ಅವನ ಮನೆಮಾತಿನಲ್ಲಿ ಕಲಿಸಬೇಕು. ಮೂರು ಮಾತುಗಳ ನಮ್ಮ ಪ್ರಾಂತದಲ್ಲಿ ಒಂದೇ ನುಡಿಯ ಜಾಲ ಅರ್ಧ ಊರನ್ನು ಹೊರಗಿಟ್ಟಂತೆ.

ಸೇರಿದವರ ಸಂಖ್ಯೆಯನ್ನು ಜಂಬದಿಂದ ಸಾರುವುದು ವ್ಯರ್ಥ. ಮೂರನೆಯ ತಿಂಗಳಿನಲ್ಲಿ ಎಷ್ಟು ಮಂದಿ ಉಳಿದಿದ್ದಾರೆ, ಅವರಲ್ಲಿ ಎಷ್ಟು ಮಂದಿ ಇನ್ನೊಬ್ಬರಿಗೆ ಉತ್ತರ ಕೊಟ್ಟಿದ್ದಾರೆ ಎಂದು ಎಣಿಸಿದರೆ ಸತ್ಯ ತಿಳಿಯುತ್ತದೆ. ಗಿರಣಿಯಲ್ಲಿ ಹಾಜರಿ ಹಾಕಿ ಹೊರಗೆ ಹೋದವನನ್ನು ಯಾವ ಮೇಸ್ತ್ರಿಯೂ ದುಡಿದವರ ಲೆಕ್ಕಕ್ಕೆ ಸೇರಿಸುವುದಿಲ್ಲ.

ಇಲ್ಲಿ ಮೂರು ಅಪಾಯಗಳನ್ನು ಸ್ಪಷ್ಟವಾಗಿ ಹೇಳದೆ ವಿಧಿಯಿಲ್ಲ.

ಮೊದಲನೆಯದು, ಕಿರ್ದಿ ಮರೆಯುವುದಿಲ್ಲ. ಬ್ಲಾಕ್‌ಚೈನಿನಲ್ಲಿ ಒಮ್ಮೆ ಬರೆದದ್ದನ್ನು ತಿದ್ದಿದರೂ ಹಳೆಯ ಮಾತು ಪುಟದಲ್ಲಿ ಉಳಿದೇ ಇರುತ್ತದೆ. ಯಾರು ಬೇಕಾದರೂ ಓದಬಹುದು. ಸೂಪರ್‌ವೈಸರನ ವಿರುದ್ಧ ಕೋಪದಲ್ಲಿ ಬರೆದ ಸಾಲು ಐದು ವರ್ಷದ ಮೇಲೆ ಇನ್ನೊಂದು ಕಾರ್ಖಾನೆಯ ಮಾಲೀಕನ ಕಣ್ಣಿಗೂ ಬೀಳಬಹುದು. ಆದುದರಿಂದ ಸಂಘದ ಸದಸ್ಯರ ಪಟ್ಟಿ, ಮುಷ್ಕರದ ಆಲೋಚನೆ, ದೂರು ಕೊಟ್ಟವರ ಹೆಸರು ಇವು ಅಲ್ಲಿಗೆ ಹೋಗಲೇಕೂಡದು. ಬಯಲಿನಲ್ಲಿರಬೇಕಾದದ್ದು ಸಂಘದ ಹಣದ ಲೆಕ್ಕ. ಮರೆಯಲ್ಲಿರಬೇಕಾದದ್ದು ಬಡವನ ಹೆಸರು.

ಎರಡನೆಯದು, ಕೀಲಿ. ಈ ಜಾಲಗಳಲ್ಲಿ ಸದಸ್ಯನ ಗುಪ್ತ ಕೀಲಿ ಕಳೆದುಹೋದರೆ ಅರ್ಜಿ ಹಾಕಲು ಸಾಮಾನ್ಯವಾಗಿ ಕಚೇರಿಯೇ ಇರುವುದಿಲ್ಲ, ಕದ್ದವನೇ ಸದಸ್ಯನಾಗಿಬಿಡುತ್ತಾನೆ. ಮೊಬೈಲನ್ನು ಅಂಗಡಿಯವನ ಕೈಗೆ ಕೊಟ್ಟು "ನೀನೇ ಎಲ್ಲ ಮಾಡಿಕೊಡಪ್ಪ" ಎನ್ನುವ ಅಭ್ಯಾಸ ನಮ್ಮಲ್ಲಿ ಬಹಳವಾಗಿದೆ. ಕೀಲಿಯನ್ನು ಕಾಗದದಲ್ಲಿ ಬರೆದು, ಪಡಿತರ ಚೀಟಿಯ ಜೊತೆ ಮನೆಯಲ್ಲಿಡುವುದನ್ನು ಕಲಿಸದೆ ಯಾರನ್ನೂ ಸೇರಿಸತಕ್ಕದ್ದಲ್ಲ.

ಮೂರನೆಯದು, ಹಣದ ಆಮಿಷ. "ಸೇರಿ, ಹತ್ತು ಜನರನ್ನು ಸೇರಿಸಿ, ಟೋಕನ್ ಪಡೆಯಿರಿ" ಎಂದು ಯಾರಾದರೂ ಅಂಗಡಿಯ ಮೆಟ್ಟಿಲು ಹತ್ತಿದರೆ ವರ್ತಕಮಿತ್ರರು ಅವನಿಗೆ ಕಾಫಿ ಕೊಟ್ಟು ಕಳುಹಿಸಿದರೆ ಸಾಕು. ಚೀಟಿ, ಸ್ಕೀಮುಗಳ ಹೆಸರಿನಲ್ಲಿ ಈ ಸೀಮೆ ಕಳೆದುಕೊಂಡದ್ದು ಕಡಿಮೆಯಲ್ಲ. ಟೋಕನ್ ನಿಜವಾದದ್ದೇ ಆಗಿದ್ದರೂ, 2022ರ ಏಪ್ರಿಲ್ 1ರಿಂದ ಇಂಥ ಆಸ್ತಿಯನ್ನು ಮಾರಿ ಬಂದ ಲಾಭದ ಮೇಲೆ ನೂರಕ್ಕೆ 30ರಂತೆ ತೆರಿಗೆ ಬಿದ್ದಿದೆ. ಒಂದರಲ್ಲಾದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಅದೇ ವರ್ಷದ ಜುಲೈ 1ರಿಂದ, ನಿಗದಿತ ಮಿತಿ ದಾಟಿದ ವರ್ಗಾವಣೆಗೆ ನೂರಕ್ಕೆ 1ರಂತೆ ಮೂಲದಲ್ಲೇ ಕಡಿತವೂ ಬಂದಿದೆ. ಪುಗಸಟ್ಟೆ ಬಂದದ್ದೆಂದು ತಿಳಿದವನು ಲೆಕ್ಕಪರಿಶೋಧಕನ ಬಳಿಗೆ ಅಲೆಯಬೇಕಾಗುತ್ತದೆ.

ಈ ಅಪಾಯಗಳನ್ನು ಹೇಳಿದ್ದು ನಿರುತ್ಸಾಹಗೊಳಿಸುವುದಕ್ಕಲ್ಲ. ದುಡಿಯುವವರು ತಮ್ಮ ಸಂಸ್ಥೆಗಳನ್ನು ತಾವೇ ಕಟ್ಟಿಕೊಂಡ ಇತಿಹಾಸ ದೊಡ್ಡದು. 1844ರಲ್ಲಿ ಇಂಗ್ಲೆಂಡಿನ ರಾಚ್‌ಡೇಲ್ ಊರಿನಲ್ಲಿ ನೇಕಾರರೂ ಇತರ ಕಸುಬಿನವರೂ ಪುಡಿಗಾಸು ಕೂಡಿಸಿ ಹಿಟ್ಟು, ಸಕ್ಕರೆ, ಬೆಣ್ಣೆ ಮಾರುವ ಸಣ್ಣ ಅಂಗಡಿ ತೆರೆದರು. ಷೇರು ಎಷ್ಟೇ ಇರಲಿ, ಸದಸ್ಯನಿಗೆ ಒಂದೇ ಮತ ಎಂಬ ಅವರ ನಿಯಮವನ್ನು ಲೋಕವೆಲ್ಲ ಅನುಸರಿಸಿತು. ನಮ್ಮ ಗದಗಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. ಇಂದು ನಮ್ಮ ಹಳ್ಳಿಹಳ್ಳಿಯಲ್ಲಿ ಬೆಳಗ್ಗೆ ಸಂಜೆ ಹಾಲು ಅಳೆಯುವ ಸಂಘಗಳಲ್ಲಿ ಒಂದು ಹಸುವಿನವಳಿಗೂ ಹತ್ತು ಹಸುವಿನವನಿಗೂ ಮತ ಒಂದೇ. ಈ ಸಂಘಗಳು ಜಾಹೀರಾತಿನಿಂದ ಬೆಳೆಯಲಿಲ್ಲ. ಪಕ್ಕದ ಮನೆಯವಳಿಗೆ ಹಾಲಿನ ದುಡ್ಡು ತಪ್ಪದೆ ಬಂದುದನ್ನು ಕಂಡು ಈ ಮನೆಯವಳೂ ಕ್ಯಾನು ಹಿಡಿದು ಹೊರಟಳು. ಅದೇ ಸಹಜವಾದ ಬೆಳವಣಿಗೆ.

ಆದುದರಿಂದ ನಮ್ಮ ಸಲಹೆ ಇಷ್ಟು. ಬ್ಲಾಕ್‌ಚೈನಿನ ಜಾಲವನ್ನು ಪರೀಕ್ಷಿಸಬೇಕೆನ್ನುವ ಸಂಘದವರು ಪರೀಕ್ಷಿಸಲಿ. ಆದರೆ ಮೊದಲು ತಮ್ಮ ಒಳಗಿನ ನಿಯಮವನ್ನು ಬರೆದುಕೊಳ್ಳಲಿ. ಯಂತ್ರ ನಾಣ್ಯದ ತೂಕ ಹಾಕಿದರೂ ನಮ್ಮ ಬಳಗದ ತೀರ್ಮಾನಗಳು ತಲೆಗೊಂದು ಮತದಿಂದ, ತಿಂಗಳ ಸಭೆಯಲ್ಲಿ, ಮುಖ ನೋಡಿಕೊಂಡು ಆಗಲಿ. ಸೇರಿದ್ದಕ್ಕೆ ಹಣ ಕೊಡುವುದೂ ಬೇಡ, ಸೇರಲು ಹಣ ಕೇಳುವುದೂ ಬೇಡ. ಜಾಲದ ನಾಣ್ಯದ ದೊಡ್ಡ ಪಾಲು ಯಾರ ಬಳಿಯಿದೆ ಎಂಬುದು ಆ ಕಿರ್ದಿಯಲ್ಲೇ ಕಾಣುತ್ತದೆ. ಅದನ್ನು ಓದಿ ಸದಸ್ಯರಿಗೆ ತಿಳಿಸಲಿ. ಬಿಟ್ಟುಹೋಗುವ ದಿನ ಬಂದರೆ ಎಲ್ಲರೂ ಕೂಡಿ ಹೇಗೆ ಹೋಗುವುದೆಂಬುದನ್ನು ಸೇರುವ ದಿನವೇ ಗೊತ್ತುಮಾಡಲಿ. ಹೀಗೆ ಮಾಡಿದರೆ ಜಾಲ ಮುಳುಗಿದರೂ ಸಂಘ ಉಳಿಯುತ್ತದೆ.

ಸಂತೆಯಲ್ಲಿ ಹಣ ಕೊಟ್ಟು ಕೊಂಡ ಜನ ಹೆಚ್ಚು ಹಣ ಕೊಡುವವನ ಕಡೆಗೆ ಹೋಗುತ್ತಾರೆ. ಅದರಲ್ಲಿ ಅವರ ತಪ್ಪಿಲ್ಲ, ಕೊಂಡವನದೇ ತಪ್ಪು. ಕಷ್ಟಸುಖ ಹಂಚಿಕೊಂಡು ಕೂಡಿದವರನ್ನು ಕೊಳ್ಳುವುದು ಯಾವ ಸಾಹುಕಾರನಿಗೂ ಸುಲಭವಲ್ಲ. ನಾಲ್ಕು ಊರುಗಳ ನಮ್ಮ ಕಾರ್ಮಿಕ ಬಂಧುಗಳೂ ವರ್ತಕ ಬಂಧುಗಳೂ ಈ ವಿಷಯವನ್ನು ತಂತಮ್ಮ ಸಂಘಗಳ ಮುಂದಿನ ಸಭೆಯಲ್ಲಿಟ್ಟು ಚರ್ಚಿಸಬೇಕೆಂದು ಕೋರುತ್ತೇವೆ.